ಚೌಕದೊಳಗಿನ ಮಳೆ, ಹೊಲದ ಮೇಲಿನ ಮಳೆ

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರು ಮುಟ್ಟುವ ಹೆದ್ದಾರಿ 50 ಕಿಲೋಮೀಟರಿಗಿಂತ ತುಸು ಹೆಚ್ಚು. ಇಷ್ಟೇ ದಾರಿಯಲ್ಲಿ ರೈತರು ಮಳೆಯ ಬಗ್ಗೆ ಕೇಳುವ ಪ್ರಶ್ನೆ ಮೂರು ರೂಪ ತಾಳುತ್ತದೆ. ಸಿಂಧನೂರಿನ ಭತ್ತಕ್ಕೆ ಬೇಕಾದ ಮಳೆ ಸಿಂಧನೂರಿನಲ್ಲೇ ಬೀಳಬೇಕೆಂದಿಲ್ಲ. ಅದು ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟಗಳಲ್ಲಿ ಸುರಿದು, ತುಂಗಭದ್ರಾ ಜಲಾಶಯ ತುಂಬಿ, ಎಡದಂಡೆ ಕಾಲುವೆಯಲ್ಲಿ ಹರಿದು ಬಂದರೆ ಸಾಕು. ತನ್ನ ಗದ್ದೆಯ ಮೇಲೇ ಸುರಿಯುವ ಮಳೆಯನ್ನು ಅಲ್ಲಿನ ರೈತ ಹಲವು ಸಲ ಅಂಜಿಕೆಯಿಂದ ನೋಡುತ್ತಾನೆ: ನವೆಂಬರಿನಲ್ಲಿ ತೆನೆ ಬಾಗಿ ಕಟಾವಿಗೆ ನಿಂತಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತರುವ ಮಳೆ, ಬೇಸಿಗೆ ಬೆಳೆ ಕೈಗೆ ಬರುವ ಹೊತ್ತಿಗೆ ಬೀಳುವ ಆಲಿಕಲ್ಲು. ಮಸ್ಕಿಯ ಕಡೆ ಬಂದರೆ ಮಾತೇ ಬೇರೆ. ಅಲ್ಲಿನ ಬಹಳಷ್ಟು ಹೊಲಗಳು ಮೋಡವನ್ನೇ ನಂಬಿವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರು ಭಾಗದ ಹಳ್ಳಿಗಳು ನಡೆಸಿದ ಹೋರಾಟ ಆ ನಂಬಿಕೆ ಎಷ್ಟು ಸಲ ಕೈಕೊಟ್ಟಿದೆ ಎಂಬುದಕ್ಕೆ ಸಾಕ್ಷಿ. ಬಿತ್ತಿದ ಮೇಲೆ ಮಳೆ ನಿಲ್ಲುತ್ತದೋ ಇಲ್ಲವೋ ಎಂಬುದೇ ಅಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಲಿಂಗಸುಗೂರು ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕರಕಲಗಡ್ಡಿ, ಮಾದರಗಡ್ಡಿ, ವೆಂಕಮ್ಮನಗಡ್ಡಿ ಎಂಬ ಕೃಷ್ಣೆಯ ನಡುಗಡ್ಡೆಗಳಿವೆ. ಅಲ್ಲಿನವರಿಗೆ ತಿಳಿಯಬೇಕಾದದ್ದು ಮಹಾರಾಷ್ಟ್ರದ ಘಟ್ಟಗಳಲ್ಲಿ ಎಷ್ಟು ಮಳೆಯಾಯಿತು, ನಾರಾಯಣಪುರ ಜಲಾಶಯದಿಂದ ಯಾವಾಗ ಎಷ್ಟು ನೀರು ಬಿಡುತ್ತಾರೆ ಎಂಬುದು.

ಕೃತಕ ಬುದ್ಧಿಮತ್ತೆ (ಎಐ) ಹವಾಮಾನ ಮುನ್ಸೂಚನೆಯನ್ನು ಪೂರಾ ಬದಲಿಸಿಬಿಟ್ಟಿದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದರಲ್ಲಿ ನಿಜ ಎಷ್ಟು ಎಂದು ತೂಗಲು ಈ ಮೂರು ಊರುಗಳಿಗಿಂತ ಒಳ್ಳೆಯ ತಕ್ಕಡಿ ಸಿಗಲಿಕ್ಕಿಲ್ಲ. ನನ್ನ ವಾದ ಇಷ್ಟು. ಈ ಹೊಸ ಯಂತ್ರ ದೂರದ್ದನ್ನು, ದೊಡ್ಡದನ್ನು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಹತ್ತಿರದ್ದು, ಸಣ್ಣದು ಅದಕ್ಕೆ ಇನ್ನೂ ಮಸುಕು. ಎರಡಕ್ಕೂ ‘ಮುನ್ಸೂಚನೆ’ ಎಂಬ ಒಂದೇ ಹೆಸರಿಟ್ಟು ಒಂದೇ ಮೊಬೈಲ್ ಪರದೆಯ ಮೇಲೆ ತೋರಿಸುತ್ತಿದ್ದೇವೆ. ಮೊದಲನೆಯದಕ್ಕೆ ಸಲ್ಲಬೇಕಾದ ನಂಬಿಕೆ ಎರಡನೆಯದಕ್ಕೆ ಹೋಗುವುದು, ಎರಡನೆಯದು ತಪ್ಪಿದಾಗ ಮೊದಲನೆಯದರ ಮೇಲೂ ನಂಬಿಕೆ ಹೋಗುವುದು ಇಲ್ಲಿಂದಲೇ.

ಹಳೆಯ ವಿಧಾನವನ್ನು ಮೊದಲು ನೋಡೋಣ. ಗಾಳಿ, ಒತ್ತಡ, ಉಷ್ಣ, ತೇವ ಇವೆಲ್ಲ ಭೌತಶಾಸ್ತ್ರದ ನಿಯಮಗಳಿಗೆ ಬದ್ಧವಾಗಿರುವುದರಿಂದ ಇವತ್ತಿನ ಸ್ಥಿತಿ ಗೊತ್ತಿದ್ದರೆ ನಾಳಿನದನ್ನು ಲೆಕ್ಕ ಹಾಕಬಹುದು ಎಂಬುದು ಅದರ ತಳಹದಿ. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಈ ಲೆಕ್ಕವನ್ನು ವಾರಗಟ್ಟಲೆ ಕೈಯಿಂದಲೇ ಮಾಡಿ 1922ರಲ್ಲಿ ಪ್ರಕಟಿಸಿದ. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಅವನ ಉತ್ತರ ಬಂದಿತ್ತು. ಅವನು ಲೆಕ್ಕಕ್ಕೆ ಆಯ್ದ ದಿನ ವಾಯುಭಾರ ಹೆಚ್ಚುಕಡಿಮೆ ಕದಲಿರಲೇ ಇಲ್ಲ. ದಾರಿ ಸರಿಯಿತ್ತು, ಹಿಡಿದ ಅಂಕಿಗಳು ಒರಟಾಗಿದ್ದವು. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಇದೇ ದಾರಿಯಲ್ಲಿ ನಡೆದು ಗೆದ್ದಿತು. ಅಲ್ಲಿಂದ ಎಪ್ಪತ್ತು ವರ್ಷ ದೊಡ್ಡ ಕಂಪ್ಯೂಟರು, ಚಿಕ್ಕ ಚೌಕ ಎಂಬುದೇ ಈ ವಿಜ್ಞಾನದ ನಡೆಯಾಯಿತು. ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಸಮೀಕರಣ ಬಿಡಿಸುವುದು ಇದರ ಕ್ರಮ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿ 2025ರ ಮೇ 26ರಂದು ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 12 ಕಿಲೋಮೀಟರಿನ ಚೌಕವನ್ನು 6 ಕಿಲೋಮೀಟರಿಗೆ ಇಳಿಸಿತು. ಅದಕ್ಕಾಗಿ ಅಲ್ಲಿನ ‘ಅರ್ಕ’ ಎಂಬ ಸೂಪರ್‌ಕಂಪ್ಯೂಟರ್ ದುಡಿಯಬೇಕಾಯಿತು.

ಕೃತಕ ಬುದ್ಧಿಮತ್ತೆ ಸಮೀಕರಣ ಬಿಡಿಸುವ ಗೋಜಿಗೆ ಹೋಗುವುದಿಲ್ಲ, ಹಿಂದೆ ಆದದ್ದನ್ನು ಓದುತ್ತದೆ. ಐರೋಪ್ಯ ಹವಾಮಾನ ಕೇಂದ್ರ ಸಿದ್ಧಪಡಿಸಿದ ‘ಇಆರ್‌ಎ5’ ಎಂಬ ದಾಖಲೆಯಲ್ಲಿ 1940ರಿಂದ ಈಚೆಗೆ ಪ್ರತಿ ಗಂಟೆಯೂ ಭೂಮಿಯ ಹವೆ ಹೇಗಿತ್ತು ಎಂಬ ಚಿತ್ರವಿದೆ. ಗೂಗಲ್ ಡೀಪ್‌ಮೈಂಡ್‌ನ ‘ಗ್ರಾಫ್‌ಕಾಸ್ಟ್’ ಅದರಲ್ಲಿ 1979ರಿಂದ 2017ರವರೆಗಿನದನ್ನು ಓದಿಕೊಂಡಿತು. ಈ ಆರು ಗಂಟೆ ಹೀಗಿದ್ದರೆ ಮುಂದಿನ ಆರು ಗಂಟೆ ಹೇಗಿರುತ್ತದೆ ಎಂಬುದನ್ನು ಲಕ್ಷಾಂತರ ಸಲ ಊಹಿಸಿ, ತಪ್ಪಿದಾಗಲೆಲ್ಲ ತಿದ್ದಿಕೊಂಡು ಕಲಿತಿತು. ಹತ್ತು ದಿನಗಳ ಮುನ್ಸೂಚನೆಯನ್ನು ಒಂದೇ ಯಂತ್ರದಲ್ಲಿ ಒಂದು ನಿಮಿಷದೊಳಗೆ ಕೊಟ್ಟಿತು. 2023ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ 1380 ಅಳತೆಗಳ ಪೈಕಿ ಶೇ 90ರಷ್ಟರಲ್ಲಿ ಜಗತ್ತಿನ ಅತ್ಯುತ್ತಮ ಭೌತಿಕ ಮಾದರಿಯನ್ನು ಹಿಂದಿಕ್ಕಿತು. ಆ ಭೌತಿಕ ಮಾದರಿಯ ಒಡೆಯರಾದ ಐರೋಪ್ಯ ಕೇಂದ್ರದವರೇ 2025ರ ಫೆಬ್ರುವರಿಯಲ್ಲಿ ‘ಎಐಎಫ್‌ಎಸ್’ ಎಂಬ ತಮ್ಮ ಎಐ ಮಾದರಿಯನ್ನು ದಿನನಿತ್ಯದ ಬಳಕೆಗೆ ತಂದರು. ಒಂದು ಮುನ್ಸೂಚನೆಗೆ ಹಿಂದಿನದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ ವಿದ್ಯುತ್ ಸಾಕು ಎಂದೂ ಹೇಳಿದರು. ಇದು ಸಣ್ಣ ಮಾತಲ್ಲ. ಲೆಕ್ಕ ಅಗ್ಗವಾದರೆ ಒಂದರ ಬದಲು ಐವತ್ತು ಸಲ ಮಾಡಿ ನೋಡಬಹುದು. ಐವತ್ತರಲ್ಲಿ ನಲವತ್ತು ಸಲ ಮಳೆ ಬಂದರೆ ಆ ಮಾತಿಗೆ ಒಂದು ತೂಕ, ಹತ್ತೇ ಸಲ ಬಂದರೆ ಇನ್ನೊಂದು.

ಈ ಬಲ ಹೊಲದವರೆಗೆ ತಲುಪಿದ್ದಕ್ಕೆ 2025ರ ಮುಂಗಾರೇ ನಿದರ್ಶನ. ಆ ವರ್ಷ ಮೇ 24ರಂದೇ ಮುಂಗಾರು ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡೇ ದಿನಗಳಲ್ಲಿ ಮುಂಬೈ ಸೇರಿತು. ರೋಹಿಣಿ ಮಳೆಗೇ ಹದ ಸಿಕ್ಕಿತೆಂದು ಕೂರಿಗೆ ಹೂಡುವ ಆಸೆ ಯಾರಿಗಾದರೂ ಬರುವಂಥ ವರ್ಷ ಅದು. ಆದರೆ ಮೇ ಕೊನೆಗೆ ಮುಂಗಾರಿನ ಮುನ್ನಡೆ ನಿಂತು, ಜೂನ್ ನಡುವಿನ ತನಕ ಕದಲಲಿಲ್ಲ. ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕಳಿಸಿದ ಸಂದೇಶಗಳು ಈ ನಿಲುಗಡೆಯನ್ನು ಮೊದಲೇ ಹೇಳಿದ್ದವು. ಗೂಗಲಿನ ‘ನ್ಯೂರಲ್‌ಜಿಸಿಎಂ’, ಐರೋಪ್ಯ ಕೇಂದ್ರದ ಎಐಎಫ್‌ಎಸ್, ಭಾರತೀಯ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ ಈ ಮೂರನ್ನೂ ಬೆಸೆದು ಆ ಮುನ್ಸೂಚನೆ ತಯಾರಾಗಿತ್ತು. ಯಂತ್ರವೊಂದೇ ಗೆದ್ದಿತು ಎನ್ನುವವರು ಆ ಬೆಸುಗೆಯನ್ನು ಮರೆಯಬಾರದು. ನ್ಯೂರಲ್‌ಜಿಸಿಎಂ ಕೂಡ ಪೂರಾ ಎಐ ಅಲ್ಲ; ಗಾಳಿಯ ಚಲನೆಗೆ ಭೌತಶಾಸ್ತ್ರದ ಸಮೀಕರಣವನ್ನೇ ಇಟ್ಟುಕೊಂಡು, ಮೋಡದಂಥ ಸಣ್ಣ ಪ್ರಕ್ರಿಯೆಗಳನ್ನು ಮಾತ್ರ ಕಲಿಕೆಗೆ ಬಿಡುವ ಮಿಶ್ರ ಮಾದರಿ ಅದು.

ಮಸ್ಕಿಯಂಥ ಊರಿಗೆ ಈ ಒಂದು ಮಾತಿನ ಬೆಲೆ ಬಹಳ. ಸಜ್ಜೆ, ತೊಗರಿ, ಸೂರ್ಯಕಾಂತಿ, ಹತ್ತಿ ಯಾವುದೇ ಇರಲಿ, ಮೊದಲ ಹದ ಮಳೆಗೆ ಬಿತ್ತಿ, ಮೊಳಕೆ ಒಡೆದು, ಆಮೇಲೆ ಮೂರು ವಾರ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ, ಕೂಲಿ ಮೂರೂ ಹೋಯಿತು. ಎರಡನೇ ಸಲ ಬಿತ್ತಲು ಮತ್ತೆ ಸಾಲ. ಇಂಥ ಮುನ್ಸೂಚನೆಯಿಂದ ರೈತರ ನಡೆ ಬದಲಾಗುತ್ತದೆಯೇ ಎಂಬುದಕ್ಕೆ ನೆರೆಯ ತೆಲಂಗಾಣದಲ್ಲಿ ಉತ್ತರವಿದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 250 ಹಳ್ಳಿಗಳಲ್ಲಿ ಮುಂಗಾರು ಕಾಲಿಡುವ ಹೊತ್ತನ್ನು ಮುಂಚೆಯೇ ತಿಳಿಸಿ ಪರೀಕ್ಷಿಸಿದರು. ಮಳೆ ತಾನು ಎಣಿಸಿದ್ದಕ್ಕಿಂತ ತಡ ಎಂದು ತಿಳಿದವರು ಬಿತ್ತುವ ಜಮೀನನ್ನು ಸುಮಾರು ಐದರಲ್ಲೊಂದು ಪಾಲು ತಗ್ಗಿಸಿದರು. ಬೇಗ ಎಂದು ತಿಳಿದವರು ಬೀಜ ಗೊಬ್ಬರಕ್ಕೆ ಹೆಚ್ಚು ಹಾಕಿದರು. ಸಾಲದ ಹೊರೆ ಬೀಳುವ ಮೊದಲೇ ಕೈ ಹಿಡಿಯುವ ಅವಕಾಶ ಸಿಕ್ಕಿತು ಎಂಬುದೇ ಇಲ್ಲಿನ ಸಾರ. ಗಡಿಯಾಚೆಯ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 2016ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಮೈಕ್ರೊಸಾಫ್ಟ್ ಸೇರಿ 175 ಶೇಂಗಾ ರೈತರಿಗೆ ಬಿತ್ತನೆಯ ದಿನ ಹೇಳಿ, ಇಳುವರಿ ಶೇ 30 ಏರಿತೆಂದು ಪ್ರಕಟಿಸಿದ್ದೂ ಉಂಟು. ಆದರೆ ಅದು ಒಂದು ಹಂಗಾಮಿನ, ಯೋಜನೆ ನಡೆಸಿದವರೇ ಕೊಟ್ಟ ಲೆಕ್ಕ. ನಾನು ಅದಕ್ಕೆ ತೆಲಂಗಾಣದ ಪರೀಕ್ಷೆಯಷ್ಟು ತೂಕ ಕೊಡಲಾರೆ.

ಇನ್ನು ಮಿತಿಯ ಮಾತು. ಇಆರ್‌ಎ5 ದಾಖಲೆಯ ಚೌಕದ ಒಂದು ಬದಿ ಈ ಸೀಮೆಯಲ್ಲಿ ಸುಮಾರು 28 ಕಿಲೋಮೀಟರ್. ಅಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳೆಲ್ಲ ಸೇರಿದರೂ ಯಂತ್ರಕ್ಕೆ ಅವು ಬೆರಳೆಣಿಕೆಯ ಚೌಕಗಳು. ಒಂದೊಂದು ಚೌಕದೊಳಗೆ ಹತ್ತಾರು ಹಳ್ಳಿ, ಎರೆ, ಮಸಾರಿ, ಕಾಲುವೆ, ಗುಡ್ಡ. ಬದುವಿನ ಈಚೆ ಹಸಿ, ಆಚೆ ಒಣ ಎಂಬಂತೆ ಸುರಿಯುವ ಈ ಭಾಗದ ಗುಡುಗು ಮಳೆಯ ಮೋಡ ಐದಾರು ಕಿಲೋಮೀಟರ್ ಅಗಲದ್ದಿರಬಹುದು, ಒಂದು ಗಂಟೆಯಲ್ಲಿ ಹುಟ್ಟಿ ಸಾಯಬಹುದು. 28 ಕಿಲೋಮೀಟರಿನ ಚೌಕಕ್ಕೆ ಅದು ಕಾಣುವುದೇ ಇಲ್ಲ. ಚೌಕಕ್ಕೆ ಸರಾಸರಿ 10 ಮಿಲಿಮೀಟರ್ ಎಂದರೆ ಎಲ್ಲ ಹಳ್ಳಿಗೂ ಹತ್ತು ಹತ್ತು ಬಿದ್ದೀತು ಎಂದಲ್ಲ. ಒಂದು ಮೂಲೆಯಲ್ಲಿ ಹಳ್ಳ ಹರಿದು ಉಳಿದೆಡೆ ದೂಳು ಹಾರಿದರೂ ಸರಾಸರಿ ಅಷ್ಟೇ ಬರುತ್ತದೆ.

ಇದಕ್ಕಿಂತ ಆಳದ ತೊಂದರೆ ಒಂದಿದೆ. ಯಂತ್ರ ಕಲಿಯುವುದು ತಪ್ಪಿಗೆ ದಂಡ ತೆತ್ತು. ಇವತ್ತು ಜೋರು ಮಳೆ ಬರುವುದು ಖಚಿತ, ಆದರೆ ಮಸ್ಕಿಗೋ ಸಿಂಧನೂರಿಗೋ ತಿಳಿಯದು ಎಂದಿಟ್ಟುಕೊಳ್ಳಿ. ಯಂತ್ರ ಮಸ್ಕಿ ಎಂದು ಹೇಳಿ ಮಳೆ ಸಿಂಧನೂರಿಗೆ ಬಿದ್ದರೆ ಎರಡು ದಂಡ: ಮಸ್ಕಿಯಲ್ಲಿ ಇಲ್ಲದ ಮಳೆ ಹೇಳಿದ್ದಕ್ಕೊಂದು, ಸಿಂಧನೂರಿನ ಮಳೆ ಬಿಟ್ಟದ್ದಕ್ಕೊಂದು. ಎರಡೂ ಕಡೆ ಸಾಧಾರಣ ಮಳೆ ಎಂದರೆ ದಂಡ ಕಡಿಮೆ. ಹೀಗಾಗಿ ಸರಾಸರಿ ತಪ್ಪನ್ನು ತಗ್ಗಿಸಲು ಕಲಿತ ಯಂತ್ರ ಜೋರು ಮಳೆಯನ್ನು ತೆಳುವಾಗಿ ಸವರಿ ಹರಡುತ್ತದೆ. ಅಂಕಪಟ್ಟಿಯಲ್ಲಿ ಅದಕ್ಕೆ ಒಳ್ಳೆಯ ಅಂಕ ಸಿಗುತ್ತದೆ. ಕಟಾವು ಯಂತ್ರ ಬಾಡಿಗೆಗೆ ಹೇಳಬೇಕೋ ಬೇಡವೋ ಎಂದು ಕುಳಿತ ರೈತನಿಗೆ ಆ ತೆಳು ಮಳೆಯ ಚಿತ್ರ ಉಪಯೋಗಕ್ಕಿಲ್ಲ, ಹಾನಿಯನ್ನೂ ಮಾಡಬಹುದು. 2024ರ ಡಿಸೆಂಬರಿನಲ್ಲಿ ಬಂದ ‘ಜೆನ್‌ಕಾಸ್ಟ್’ನಂಥ ಮಾದರಿಗಳು ಒಂದು ಸರಾಸರಿ ಉತ್ತರ ಕೊಡುವ ಬದಲು ಹಲವು ಬಿಡಿ ಸಾಧ್ಯತೆಗಳನ್ನು ಕೊಟ್ಟು ಈ ದೋಷವನ್ನು ಬಹುಮಟ್ಟಿಗೆ ಕಳೆದಿವೆ. ಆದರೂ ಚೌಕ ಅದೇ ಅಳತೆಯದು.

ಹೀಗಿರುವಾಗ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. 2024ರ ಅಕ್ಟೋಬರ್ 24ರಂದು ಕೇಂದ್ರ ಪಂಚಾಯತ್‌ರಾಜ್ ಸಚಿವಾಲಯ ಮತ್ತು ಹವಾಮಾನ ಇಲಾಖೆ ಈ ಸೇವೆ ಆರಂಭಿಸಿದವು. ಉದ್ದೇಶ ಒಳ್ಳೆಯದು, ಉಷ್ಣ ಮತ್ತು ಗಾಳಿಯ ಮಟ್ಟಿಗೆ ಉಪಯೋಗವೂ ಇದೆ. ಮಳೆಯ ವಿಷಯದಲ್ಲಿ ಮಾತ್ರ, ಚೌಕದ ಅಂಕಿಗೆ ಪಂಚಾಯಿತಿಯ ಹೆಸರು ಬರೆದ ಮಾತ್ರಕ್ಕೆ ಅದು ಆ ಪಂಚಾಯಿತಿಯ ಮಳೆ ಆಗುವುದಿಲ್ಲ. ಮುಂದಿನ ಎರಡು ಮೂರು ಗಂಟೆಯ ಗುಡುಗು ಮಳೆಗೆ ರೇಡಾರ್ ಬೇಕು. ಹೈದರಾಬಾದಿನ ರೇಡಾರ್‌ನಿಂದ ಸಿಂಧನೂರಿಗೆ ನೇರ ದೂರ 250 ಕಿಲೋಮೀಟರಿನಷ್ಟಿದೆ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರಕ್ಕೆ ಬರುವಷ್ಟರಲ್ಲಿ ರೇಡಾರಿನ ಅತಿ ತಗ್ಗಿನ ಕಿರಣವೂ ನೆಲದಿಂದ ಆರು ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ಕೆಳಗಿನ ಮೋಡ ಅದಕ್ಕೆ ಮರೆ. ಕಣ್ಣು ಕಾಣದ್ದನ್ನು ಯಾವ ಬುದ್ಧಿಯೂ ಅರಿಯಲಾರದು. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಬಯಲಿನಲ್ಲಿ ಕುರಿ ಕಾಯುವವರು ಬಲಿಯಾಗುವ ಸೀಮೆ ಇದು. ಇಲ್ಲಿ ಹತ್ತಿರದ ರೇಡಾರಿಗೆ ಹಾಕುವ ಒಂದು ರೂಪಾಯಿ ಇನ್ನೊಂದು ಹೊಸ ಆ್ಯಪ್‌ಗೆ ಹಾಕುವ ಹತ್ತು ರೂಪಾಯಿಗಿಂತ ಮೇಲು ಎಂದು ನಾನು ತಿಳಿಯುತ್ತೇನೆ.

ಕರ್ನಾಟಕಕ್ಕೆ ಒಂದು ಒಳ್ಳೆಯ ಆಸ್ತಿ ಕೈಯಲ್ಲೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಈಗ ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿಗೊಂದರಂತೆ 6000ಕ್ಕೂ ಹೆಚ್ಚು ದೂರಸಂವೇದಿ ಮಳೆ ಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳೂ ಇವೆ. ಚೌಕದ ಸರಾಸರಿಯನ್ನು ಹಳ್ಳಿಯ ಮಳೆಯಾಗಿ ತಿದ್ದಲು ಯಂತ್ರಕ್ಕೆ ಬೇಕಾದದ್ದು ಇಂಥ ಅಳತೆಯೇ. ಪಾಮನಕಲ್ಲೂರಿನ ಮಾಪಕದೊಳಗೆ ಕಸ ತುಂಬಿ ನಿಂತರೆ, ಗಿಡದ ಮರೆಯಲ್ಲಿ ಕುಳಿತರೆ, ಬ್ಯಾಟರಿ ಸತ್ತರೆ ಯಂತ್ರ ಆ ತಪ್ಪನ್ನೇ ನಿಜವೆಂದು ಕಲಿಯುತ್ತದೆ. ಅದನ್ನು ಒರೆಸಿ ಸರಿಪಡಿಸುವ ಕೆಲಸಗಾರ ಈ ಇಡೀ ಏರ್ಪಾಟಿನಲ್ಲಿ ಯಾರಿಗೂ ಕಾಣದವನು, ಆದರೆ ಅವನಿಲ್ಲದೆ ಉಳಿದದ್ದೆಲ್ಲ ಪೊಳ್ಳು.

ಹಿಂದೆ ಕಾಣದ್ದನ್ನು ಯಂತ್ರ ಊಹಿಸೀತೇ? ಈ ಭಾಗದವರು 2009ನ್ನು ಮರೆತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಬರದ ಛಾಯೆ; ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ 2ರ ತನಕ ಸುರಿದ ಮಳೆಗೆ ರಾಯಚೂರೂ ಸೇರಿ ಉತ್ತರ ಕರ್ನಾಟಕ ಮುಳುಗಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಲವತ್ತು ವರ್ಷದ ದಾಖಲೆಯಲ್ಲಿ ಇಂಥದ್ದು ಒಂದೋ ಎರಡೋ ಇದ್ದರೆ ಕಲಿಯಲು ಅದು ಸಾಲದು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಪ್ರಬಲ ಚಂಡಮಾರುತಗಳನ್ನೆಲ್ಲ ಪಾಠದಿಂದ ತೆಗೆದುಹಾಕಿ ಕಲಿಸಿದ ಎಐ ಮಾದರಿ, ಐದನೇ ದರ್ಜೆಯ ಚಂಡಮಾರುತ ಎದುರಾದಾಗ ಅದನ್ನು ಎರಡನೇ ದರ್ಜೆಯದೆಂದೇ ಹೇಳುತ್ತ ಹೋಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಒಂದು ಸಾಗರದ ಪ್ರಬಲ ಚಂಡಮಾರುತಗಳನ್ನು ನೋಡಿದ್ದರೆ, ಇನ್ನೊಂದು ಸಾಗರದ್ದನ್ನು ಅದು ಒಂದು ಮಟ್ಟಿಗೆ ಗುರುತಿಸಬಲ್ಲದು. ಹಾಗಾಗಿ ಕದ ಪೂರಾ ಮುಚ್ಚಿಲ್ಲ. ಆದರೆ ಹವೆಯೇ ಬಿಸಿಯಾಗುತ್ತ ಹೋಗುವ ಕಾಲದಲ್ಲಿ ಬರೀ ಹಿಂದಿನದನ್ನು ಓದಿ ಮುಂದಿನದನ್ನು ಹೇಳುವ ಯಂತ್ರದ ಪಕ್ಕದಲ್ಲಿ ಭೌತಶಾಸ್ತ್ರದ ಮಾದರಿ ಕಾವಲಿಗೆ ಇರಲೇಬೇಕು. ಅಲ್ಲದೆ ಇವತ್ತಿನ ಹವೆ ಹೀಗಿದೆ ಎಂಬ ಆರಂಭದ ಚಿತ್ರವನ್ನು ಬಹುತೇಕ ಎಐ ಮಾದರಿಗಳು ಇವತ್ತಿಗೂ ಆ ಭೌತಿಕ ವ್ಯವಸ್ಥೆಯಿಂದಲೇ ಪಡೆಯುತ್ತಿವೆ.

ನೀರಾವರಿ ಸೀಮೆಯಲ್ಲಿ ಮತ್ತೂ ಒಂದು ಮಿತಿಯಿದೆ, ಅದು ಯಂತ್ರದ ತಪ್ಪಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಮಳೆಯ ಮುನ್ಸೂಚನೆ ನೂರಕ್ಕೆ ನೂರು ಸರಿಯಿದ್ದರೂ ಸಿಂಧನೂರಿನ ಬೆಳೆಗೆ ಬಂದ ಆ ಗಂಡಾಂತರವನ್ನು ಅದು ಹೇಳುತ್ತಿರಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಆಮೇಲಿನ ಮಳೆಗೆ ಜಲಾಶಯ ಮತ್ತೆ ತುಂಬಿತು. ಎಷ್ಟು ನೀರು ಖಾಲಿ ಮಾಡಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬ ಆ ವಾರದ ತೀರ್ಮಾನಕ್ಕೆ ಮುಂದಿನ ಮೂರು ನಾಲ್ಕು ವಾರ ಮಲೆನಾಡಿನಲ್ಲಿ ಮಳೆ ಬರುವ ಸಂಭವ ಎಷ್ಟು ಎಂಬುದಕ್ಕಿಂತ ಮುಖ್ಯ ಪ್ರಶ್ನೆ ಇರಲಿಲ್ಲ. ಎಐ ಬಲವಾಗಿರುವುದು ಅಂಥ ಪ್ರಶ್ನೆಯಲ್ಲೇ. ಕೃಷ್ಣೆಯ ಕಡೆಯೂ ಇದೇ ಕತೆ. ನದಿಗಳ ದೊಡ್ಡ ಪ್ರವಾಹವನ್ನು ಐದು ದಿನ ಮೊದಲೇ, ಹಳೆಯ ಪದ್ಧತಿಗಳು ಅದೇ ದಿನ ಹೇಳುವಷ್ಟು ನೆಚ್ಚಿಕೆಯಿಂದ ಎಐ ಹೇಳಬಲ್ಲದೆಂದು ಗೂಗಲ್ ಸಂಶೋಧಕರು 2024ರಲ್ಲಿ ತೋರಿಸಿದರು. ಆದರೆ ನಡುಗಡ್ಡೆಗಳಿಗೆ ಹೋಗುವ ಶೀಲಹಳ್ಳಿ ಸೇತುವೆಯ ಮೇಲೆ ನೀರು ಬರುವುದು ಮೋಡದಿಂದಲ್ಲ, ನಾರಾಯಣಪುರದ ಗೇಟಿನಿಂದ. ಗೇಟ್ ಎತ್ತುವುದು ಮನುಷ್ಯರ ತೀರ್ಮಾನ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಮಿರಗ, ಆರಿದ್ರಾ, ಉತ್ತರಿ, ಹಸ್ತ ಎಂದು ನಕ್ಷತ್ರದ ಲೆಕ್ಕದಲ್ಲಿ ತಲೆಮಾರುಗಳಿಂದ ಬಿತ್ತಿ ಬೆಳೆದವರಿಗೆ ಶೇಕಡಾವಾರು ಸಂಭವದ ಮಾತು ಏಕೆ, ಅದು ತಲೆಗೆ ಹತ್ತುವುದೂ ಇಲ್ಲ. ನಕ್ಷತ್ರದ ಲೆಕ್ಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಯಾವ ಹದಿನಾಲ್ಕು ದಿನ ಸಾಮಾನ್ಯವಾಗಿ ಎಂಥ ಮಳೆ ಎಂಬ ದೀರ್ಘ ಅನುಭವದ ಸರಾಸರಿ ಅದು. ಹವಾಮಾನ ಇಲಾಖೆಯ 125 ವರ್ಷದ ದಾಖಲೆ ಮಾಡುವುದೂ ಬಹುಪಾಲು ಅದೇ ಕೆಲಸ. ಈ ವರ್ಷದ ಮಿರಗ ಹೇಗೆ ಎಂಬುದನ್ನು ಮಾತ್ರ ಅದು ಹೇಳಲಾರದು. ಸಂಭವದ ಮಾತು ರೈತನಿಗೆ ಹೊಸದೆಂಬುದಂತೂ ಸರಿಯಲ್ಲ. ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು, ಒಂದು ಹೊಲವನ್ನು ಹಿಂಗಾರಿ ಬಿಳಿಜೋಳಕ್ಕೆ ಬಿಟ್ಟುಕೊಳ್ಳುವುದು ಸಂಭವದ ಲೆಕ್ಕವೇ. ಹತ್ತರಲ್ಲಿ ಏಳು ಪಾಲು ಮಳೆ ಬರುತ್ತದೆ, ಮೂರು ಪಾಲು ಇಲ್ಲ ಎಂದರೆ ಈ ಸೀಮೆಯಲ್ಲಿ ಯಾರಿಗೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ‘ಅಲ್ಲಲ್ಲಿ ಹಗುರದಿಂದ ಸಾಧಾರಣ ಮಳೆ’ ಎಂಬ ಕಚೇರಿ ಕನ್ನಡ.

ಎರಡನೆಯದು: ಈ ಮಿತಿಗಳೆಲ್ಲ ಎರಡು ಮೂರು ವರ್ಷದಲ್ಲಿ ಕಳೆಯುತ್ತವೆ, ಯಂತ್ರ ಆ ವೇಗದಲ್ಲಿ ಬೆಳೆಯುತ್ತಿದೆ. ಬೆಳೆಯುತ್ತಿರುವುದು ನಿಜ, ಚೌಕ ಚಿಕ್ಕದಾಗುವುದೂ ನಿಜ. ಆದರೆ ಎಲ್ಲಿ ಅಳೆದೇ ಇಲ್ಲವೋ ಅಲ್ಲಿ ಕಲಿಯಲು ಏನೂ ಇಲ್ಲ. ಅಳೆಯುವ ಮತ್ತು ತಿಳಿಸುವ ಕೆಲಸ ವೇಗವಾಗಿ ಬೆಳೆಯುವ ಬದಲು ಒಂದು ಕಡೆ ಹಿಂದಕ್ಕೇ ಹೋಗಿದೆ. 2018ರಿಂದ ದೇಶದಲ್ಲಿ ತೆರೆದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲಾಯಿತು. ಮುನ್ಸೂಚನೆಯನ್ನು ಸ್ಥಳೀಯ ಬೆಳೆಗೆ ಹೊಂದಿಸಿ, ಈ ವಾರ ಔಷಧಿ ಹೊಡೆಯಬೇಡಿ, ಕಡಲೆ ಬಿತ್ತಲು ನಾಲ್ಕು ದಿನ ತಾಳಿ ಎಂದು ಜನರ ಮಾತಿನಲ್ಲಿ ಹೇಳುತ್ತಿದ್ದವರು ಆ ಘಟಕಗಳಲ್ಲಿದ್ದರು. ಲೆಕ್ಕ ಹಾಕುವುದು ಅಗ್ಗವಾಗುತ್ತಿರುವ ಹೊತ್ತಿಗೆ ಸರಿಯಾಗಿ, ಲೆಕ್ಕವನ್ನು ಅರ್ಥ ಮಾಡಿಸುವವರನ್ನು ಕೈಬಿಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 2000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ಗೆ ಒಪ್ಪಿಗೆ ಕೊಟ್ಟಿತು. ಆ ಹಣದಲ್ಲಿ ರೇಡಾರಿಗೆ, ಮಾಪಕಕ್ಕೆ, ಜನರಿಗೆ ಎಷ್ಟು ಎಂದು ರಾಯಚೂರು ಜಿಲ್ಲೆ ಕೇಳಬೇಕು.

ಮೂರು ಊರಿಗೆ ಮೂರು ಬಗೆಯ ಸಂದೇಶ ಕಳಿಸುವುದು ಈಗಿರುವ ವಿಜ್ಞಾನಕ್ಕೇ ಸಾಧ್ಯ. ಮಸ್ಕಿಗೆ ಮೇ ಕೊನೆಯಿಂದ ಪ್ರತಿ ವಾರ: ಬಿತ್ತಿದ ಮೇಲಿನ ಮೂರು ವಾರ ಮಳೆ ಹಿಡಿಯುವ ಸಂಭವ ಹತ್ತರಲ್ಲಿ ಎಷ್ಟು. ಸಿಂಧನೂರಿಗೆ ಜುಲೈಯಲ್ಲಿ ಮಲೆನಾಡಿನ ಮಳೆಯ ಅಂದಾಜಿನ ಜೊತೆಗೇ ಕಾಲುವೆಗೆ ನೀರು ಬಿಡುವ ಅಂದಾಜು ದಿನ, ಸಸಿಮಡಿ ಹಾಕುವ ಮೊದಲು. ಕಾಲುವೆಯ ಕೊನೆ ಭಾಗದ ರೈತರಿಗೆ ಪ್ರತ್ಯೇಕವಾಗಿ. ಅಕ್ಟೋಬರ್ ಕಳೆದ ಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ರೂಪುಗೊಳ್ಳುವ ಲಕ್ಷಣ ಕಂಡ ದಿನವೇ ಕಟಾವಿನ ಎಚ್ಚರಿಕೆ, ಅದೂ ಊರಿನ ಹೆಸರಿನಲ್ಲಿ ಬೇಡ, ಇಡೀ ತಾಲ್ಲೂಕಿಗೆ. ಲಿಂಗಸುಗೂರಿನ ನಡುಗಡ್ಡೆಗಳಿಗೆ ಅಲ್ಲಿ ಬೀಳುವ ಮಳೆಯ ಮಾತೇ ಬೇಕಿಲ್ಲ. ಘಟ್ಟದ ಮಳೆ, ಆಲಮಟ್ಟಿ ಜಲಾಶಯದ ಒಳಹರಿವು, ನಾರಾಯಣಪುರದ ಗೇಟಿನ ತೀರ್ಮಾನ ಮೂರನ್ನೂ ಕೂಡಿಸಿ, ಶೀಲಹಳ್ಳಿ ಸೇತುವೆ ಯಾವ ದಿನ ಮುಳುಗಬಹುದು ಎಂದು ಎರಡು ದಿನ ಮೊದಲು ಹೇಳಿದರೆ, ಬಸುರಿಯರನ್ನೂ ಕಾಯಿಲೆಯವರನ್ನೂ ದನಕರುಗಳನ್ನೂ ಈಚೆ ದಡಕ್ಕೆ ತರಲು ಹೊತ್ತು ಸಿಗುತ್ತದೆ.